ದೀಪ ದೊಡ್ಡದಾಗಿದೆ

ಆ ಯಂತ್ರ ‘ಲೈಟು’ ಅಂದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಅದು ‘ದೀಪ’ ಅಂದಿತು. ಅದಕ್ಕೆ ಅಚ್ಚ ಕನ್ನಡವನ್ನೇ ಕಲಿಸಬೇಕೆಂದು ಯಾವನೋ ಪುಣ್ಯಾತ್ಮ ಹಟ ಹಿಡಿದಿದ್ದನಂತೆ. ಅವನು ನನ್ನ ಕೈಗೆ ಸಿಕ್ಕಿದ್ದರೆ ಅದಕ್ಕಿಂತ ಅಚ್ಚ ಕನ್ನಡ ಕೇಳಿಕೊಂಡು ಹೋಗುತ್ತಿದ್ದ.

ಯಂತ್ರದ ಹೆಸರು ಆಲಿಕೆ. ದೂರು ಕೇಳುವುದು ಅದರ ಕೆಲಸ. ಮನೆಗಳ ಇಂಟರ್ನೆಟ್ಟು, ಬೀದಿಯ ತಂತಿ, ಆಸ್ಪತ್ರೆಯವರು ರೋಗಿಗಳ ಮನೆಗೆ ಕೊಟ್ಟ ಸಾಮಾನು, ಎಲ್ಲದರ ರಿಪೇರಿಯೂ ಈಗ ಅದರ ಅಪ್ಪಣೆಯಂತೆಯೇ ನಡೆಯಬೇಕು. ಹಿಂದೆಯಾದರೆ ಲೈನ್‌ಮನ್‌ಗೆ ಫೋನ್ ಮಾಡಿ, ನಾಲ್ಕು ಮಾತು ಬೈದು, ಬಂದ ಮೇಲೆ ಒಂದು ಲೋಟ ಕಾಫಿ ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತಿದ್ದೆವು. ಈಗ ಬೈದರೆ ಆಲಿಕೆಗೆ ನೋವಾಗುವುದಿಲ್ಲ, ಕಾಫಿ ಅದಕ್ಕೆ ಬೇಡ. ಅದು ಫೋನಿನಲ್ಲಿ ಪ್ರಶ್ನೆ ಕೇಳುತ್ತದೆ, ನಾವು ಬಾಯಲ್ಲಿ ಉತ್ತರ ಹೇಳುತ್ತೇವೆ. ನಮ್ಮ ಮಾತು ಕೇಳಿ ಕೆಟ್ಟಿದೆಯೋ ಸರಿಯಿದೆಯೋ ಎಂದು ಅದೇ ತೀರ್ಮಾನಿಸುತ್ತದೆ. ಕೆಟ್ಟಿದೆ ಅಂತ ಅದು ಒಪ್ಪುವ ತನಕ ಯಾವ ಮೆಕ್ಯಾನಿಕ್ಕೂ ಮನೆ ಹೊಸಿಲು ತುಳಿಯುವಂತಿಲ್ಲ.

ನಮ್ಮದು ಅರಸೀಕೆರೆಯ ರೈಲ್ವೆ ಕಾಲೋನಿಯ ಹಿಂದಿನ ಬೀದಿ. ಮನೆಯಲ್ಲಿ ಅಮ್ಮ ಸಾವಂತ್ರಮ್ಮ, ತಂಗಿ ಪಂಕಜ, ಮತ್ತೆ ನಾನು, ಇಂದುಮತಿ. ಪಂಕಜಳ ಎರಡೂ ಕಿಡ್ನಿ ಕೈಕೊಟ್ಟಿವೆ. ಹೊಟ್ಟೆಯೊಳಗೆ ನೀರು ಬಿಟ್ಟು, ವಿಷ ತೊಳೆದು, ಹೊರಗೆ ತೆಗೆಯುವ ಯಂತ್ರವೊಂದನ್ನು ಆಸ್ಪತ್ರೆಯವರು ಮನೆಗೇ ಕೊಟ್ಟಿದ್ದಾರೆ. ಹೀಗೆ ಮನೆಮನೆಗೆ ಯಂತ್ರ ಕೊಟ್ಟದ್ದೇ ತಡ, ಆಸ್ಪತ್ರೆಯಲ್ಲಿದ್ದ ಡಯಾಲಿಸಿಸ್ ಹಾಸಿಗೆಗಳನ್ನು ಎತ್ತಿಬಿಟ್ಟರು. ಇನ್ನು ಏನಿದ್ದರೂ ಬೆಂಗಳೂರಿಗೆ ಓಡಬೇಕು, ಅಲ್ಲಿ ಸರದಿ ಕಾಯಬೇಕು.

ಈ ಯಂತ್ರ ತಾನಾಗಿ ಚಾಲೂ ಆಗುವುದಿಲ್ಲ. ಅವತ್ತಿನ ತೂಕ, ರಕ್ತದೊತ್ತಡ ಎಲ್ಲವನ್ನೂ ಆಸ್ಪತ್ರೆಗೆ ಕಳಿಸಿ, ಅಲ್ಲಿಂದ ಇಷ್ಟು ನೀರು ಬಿಡು ಎಂಬ ಒಪ್ಪಿಗೆ ಬಂದ ಮೇಲೆ ಶುರುವಾಗುತ್ತದೆ. ಕಳಿಸುವುದು, ತರಿಸುವುದು ಒಂದು ಹಳೇ ಕಂಪ್ಯೂಟರಿನ ಕೆಲಸ. ಯಾವುದೋ ಕಚೇರಿಯವರು ಬೇಡವೆಂದು ಬಿಸಾಡಿದ ಬೂದು ಬಣ್ಣದ ದಪ್ಪ ಪೆಟ್ಟಿಗೆ ಅದು. ಅದಕ್ಕೆ ತಂತಿಯ ಮೂಲಕ ಮಾತ್ರ ಇಂಟರ್ನೆಟ್ ಕೊಡಬಹುದು. ಮೊಬೈಲಿನ ನೆಟ್ ಹಿಡಿಯುವ ತಾಕತ್ತು ಅದಕ್ಕಿಲ್ಲ, ಬೇರೆ ಏನಾದರೂ ಸಿಕ್ಕಿಸೋಣವೆಂದರೆ ಉಳಿದ ತೂತುಗಳಿಗೆಲ್ಲ ಸೀಲು ಹಾಕಿದ್ದಾರೆ. ಅಮ್ಮ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿ, ದೇವರ ಕೋಣೆಯ ಪಕ್ಕದಲ್ಲೇ ಜಾಗ ಮಾಡಿಕೊಟ್ಟಿದ್ದಳು.

ಭಾನುವಾರ ಸಂಜೆ ಸಿಡಿಲು ಹೊಡೆಯಿತು. ಸೋಮವಾರ ಕಂಪ್ಯೂಟರು ಆಸ್ಪತ್ರೆಯ ಜೊತೆ ಮಾತಾಡುವುದನ್ನು ನಿಲ್ಲಿಸಿತು.

ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಕಂಪ್ಯೂಟರ್ ಎಂದರೆ ಹೆದರಿಕೆಯೇನಿಲ್ಲ. ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಕಿತ್ತು, ಊದಿ, ಮತ್ತೆ ಟಕ್ಕೆಂದು ಕೂರುವ ಹಾಗೆ ಒತ್ತಿದೆ. ಬೇರೆ ಕೇಬಲ್ ಹಾಕಿ ನೋಡಿದೆ. ಪೆಟ್ಟಿಗೆಯ ಹಿಂದೆ, ಕೇಬಲ್ ಸಿಕ್ಕಿಸುವ ಜಾಗದ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಲೈಟೊಂದು ಮಿಣುಕುತ್ತಿರಬೇಕು. ಮಿಣುಕುತ್ತಿರಲಿಲ್ಲ. ಪಕ್ಕದ ಮನೆಯವರ ಕಂಪ್ಯೂಟರನ್ನು ನಮ್ಮಲ್ಲಿಗೇ ತಂದು ಅದೇ ಕೇಬಲ್ ಹಾಕಿದರೆ ಅದರಲ್ಲಿ ನೆಟ್ ಬಂತು. ಅಲ್ಲಿಗೆ ಲೈನು ಚೆನ್ನಾಗಿದೆ, ಪೆಟ್ಟಿಗೆಯೊಳಗಿನ ನೆಟ್‌ವರ್ಕ್ ಕಾರ್ಡು ಸುಟ್ಟಿದೆ ಎಂದಾಯಿತು. ಅಂಗೈಯಗಲದ ಒಂದು ಹಲಗೆ. ಅದನ್ನು ಬದಲಾಯಿಸಲು ಪೆಟ್ಟಿಗೆ ಬಿಚ್ಚಬೇಕು, ಬಿಚ್ಚಿದರೆ ಸೀಲು ಒಡೆಯುತ್ತದೆ. ಸೀಲು ಒಡೆದ ಪೆಟ್ಟಿಗೆಯ ಜೊತೆ ಆಸ್ಪತ್ರೆ ಮಾತಾಡುವುದಿಲ್ಲ. ಆಲಿಕೆ ಕಳಿಸಿದ ಮೆಕ್ಯಾನಿಕ್ಕೇ ಬರಬೇಕು.

ಆಲಿಕೆಗೆ ಫೋನ್ ಮಾಡಿದೆ. ರೋಗಿಯನ್ನು ನೋಡಿಕೊಳ್ಳುವವರೆಂದು ಬರೆಸಿದ ಒಬ್ಬರ ಧ್ವನಿಯನ್ನು ಮಾತ್ರ ಅದು ಕೇಳುವುದಂತೆ. ನಾನು ಹಗಲೆಲ್ಲ ಕೆಲಸಕ್ಕೆ ಹೋಗುವವಳಾದ್ದರಿಂದ ಅಮ್ಮನ ಧ್ವನಿ ಕೊಟ್ಟಿದ್ದೆವು. ಫೋನನ್ನು ಅಮ್ಮನ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತೆ.

“ಗಣಕಯಂತ್ರದ ಹಿಂಬದಿಯ ದೀಪವನ್ನು ಗಮನಿಸಿ,” ಅಂದಿತು ಆಲಿಕೆ. ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆ ಓದುವವರ ದನಿ. “ದೀಪದ ಸ್ಥಿತಿ ಹೇಗಿದೆ?”

ಅಮ್ಮ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ದೀಪ ದೊಡ್ಡದಾಗಿದೆ ಕಣಪ್ಪ.”

ಅಮ್ಮ ತಪ್ಪೇನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಅಕ್ಕಿ ಮುಗಿಯುವುದಿಲ್ಲ, ಹೆಚ್ಚುತ್ತದೆ. ಯಾರೂ ಹೋಗುವುದಿಲ್ಲ, ಹೋಗಿ ಬರುತ್ತಾರೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ಆಡಿದರೆ ಅಸ್ತು ಅನ್ನುವ ದೇವತೆಗಳು ತಲೆಬಾಗಿಲಲ್ಲೇ ಕೂತಿರುತ್ತಾರೆ. ‘ಲೈಟು ಹೇಗಿದೆ’ ಎಂದು ಕೇಳಿದ್ದರೆ ‘ಆಫ್ ಆಗಿದೆ’ ಅಂದುಬಿಡುತ್ತಿದ್ದಳು, ಲೈಟಿಗೆ ಯಾವ ಮಡಿಯೂ ಇಲ್ಲ. ದೀಪವೆಂದು ಕೇಳಿದ್ದಕ್ಕೆ ದೀಪಕ್ಕೆ ತಕ್ಕ ಮರ್ಯಾದೆ ಕೊಟ್ಟಳು. ಪಕ್ಕದಲ್ಲೇ ನಿಂತಿದ್ದ ನನಗೂ ಏನೂ ಅನ್ನಿಸಲಿಲ್ಲ, ಹುಟ್ಟಿದಾಗಿನಿಂದ ಕೇಳಿದ ಮಾತು.

ಅಷ್ಟರಲ್ಲಿ ಕರೆ ಕಟ್ಟಾಯಿತು. ಹಿಂದೆಯೇ ಸಂದೇಶ ಬಂತು: ‘ಸಂಪರ್ಕದ ಸ್ಥಿತಿ ಉತ್ತಮ. ದೂರು ಮುಕ್ತಾಯ. ಧನ್ಯವಾದ.’

ಮತ್ತೆ ಮಾಡಿದೆವು. ‘ತಮ್ಮ ದೂರು ಈಗಾಗಲೇ ಬಗೆಹರಿದಿದೆ.’ ಆಸ್ಪತ್ರೆಗೆ ಮಾಡಿದರೆ ಅಲ್ಲೂ ಎತ್ತಿದ್ದು ಆಲಿಕೆಯೇ! ಮಂಗಳವಾರವೂ ಹೀಗೇ ಕಳೆಯಿತು. ಪಂಕಜಳ ಮುಖ ಊದಿ ಕಣ್ಣು ಸಣ್ಣಗಾಯಿತು, ಕಾಲು ಒತ್ತಿದರೆ ಬೆರಳ ಗುಳಿ ಹಾಗೇ ನಿಲ್ಲುತ್ತಿತ್ತು. ಎರಡು ದಿನ ತಪ್ಪಿದರೆ ತಡೆಯಬಹುದು, ಮೂರನೆಯ ದಿನ ತಪ್ಪಿದರೆ ನೀರು ಎದೆಗೇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳನ್ನು ಬೆಂಗಳೂರಿನವರೆಗೆ ಗಾಡಿಯಲ್ಲಿ ಕೂರಿಸುವ ಸ್ಥಿತಿಯೂ ಇರಲಿಲ್ಲ, ಮಲಗಿಸಿ ಒಯ್ಯೋಣವೆಂದರೆ ಉಸಿರು ಸಿಗುತ್ತಿರಲಿಲ್ಲ.

ಅಂಥಾ ಸ್ಥಿತಿಯಲ್ಲೂ ಅವಳ ಕೋತಿ ಬುದ್ಧಿ ಬಿಟ್ಟಿರಲಿಲ್ಲ. ಪಂಕಜ ಚಿಕ್ಕಂದಿನಿಂದ ಯಾರ ದನಿ ಬೇಕಾದರೂ ತೆಗೆಯುತ್ತಾಳೆ. ಶಾಲೆಯ ಹೆಡ್‌ಮಿಸ್ಸು, ರೈಲ್ವೆ ಅನೌನ್ಸರ್, ಎಲ್ಲಕ್ಕಿಂತ ಚೆನ್ನಾಗಿ ಅಮ್ಮ. ಬುಧವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಅಮ್ಮನ ದನಿ ಬಂತು, “ಇಂದೂ, ಕೊಡೆ ತಗೊಂಡೋಗೇ.” ಅಡುಗೆಮನೆಯಿಂದ ಅಮ್ಮನೂ ಇಣುಕಿದಳು. ದಿಂಬಿಗೆ ಒರಗಿ ಕೂತಿದ್ದ ಪಂಕಜ ಏದುಸಿರು ಬಿಡುತ್ತಾ ನಗುತ್ತಿದ್ದಳು.

“ನಗ್ಬೇಡ್ವೇ, ಸುಸ್ತಾಗತ್ತೆ,” ಅಂದಳು ಅಮ್ಮ. ನಾನು ಹಾಸನದ ಬಸ್ಸು ಹತ್ತಿದೆ. ಆಲಿಕೆಯ ನಿಯಂತ್ರಣ ಕೊಠಡಿ ಇರುವುದು ಅಲ್ಲಿ.

*

ಒಳಗೆ ಬಿಡುವುದಿಲ್ಲ ಎಂದರು. ಬಿಡುವ ತನಕ ಕೂಗಿದೆ. ನಾನು ಕೂಗಿದರೆ ನಮ್ಮ ಕಾಲೇಜಿನ ಗಾಜಿನ ಸೀಸೆಗಳೂ ಅದುರುತ್ತವೆ.

ಎಂಥ ಕೊಠಡಿಯೋ ಅಂದುಕೊಂಡಿದ್ದೆ. ಒಂದು ಗೋಡೆಯ ತುಂಬ ಜಿಲ್ಲೆಯ ನಕ್ಷೆ, ಅದರ ತುಂಬ ಹಸಿರು ಚುಕ್ಕೆ. ಒಂದು ಚುಕ್ಕೆ ಎಂದರೆ ಒಂದು ಮನೆ. ಎದುರಿಗೆ ಒಂದೇ ಮೇಜು, ಒಬ್ಬನೇ ಎಂಜಿನಿಯರು. ಅಭಿನಂದನ್ ಎಂದು ಹೆಸರಂತೆ, ಮೂವತ್ತರ ಆಸುಪಾಸು. ಅವನ ಮೇಜಿನ ಮೇಲಿದ್ದುದೂ ನಮ್ಮ ಮನೆಯಲ್ಲಿದ್ದಂಥದೇ ಬೂದು ಪೆಟ್ಟಿಗೆ! ಅದರ ಬೆನ್ನು ನನ್ನ ಕಡೆಗಿತ್ತು. ಸಾಸಿವೆ ಕಾಳಿನ ಹಸಿರು ಲೈಟು ಮಿಣಮಿಣ ಮಿಣುಕುತ್ತಿತ್ತು. ನೋಡಿ ಹೊಟ್ಟೆ ಉರಿಯಿತು.

“ಮೇಡಂ, ನಿಮ್ಮ ದೂರು ಬಗೆಹರಿದಿದೆ ಅಂತ ತೋರಿಸ್ತಿದೆ,” ಅಂದ.

“ನನ್ನ ತಂಗಿ ಸತ್ತ ಮೇಲೂ ಹಂಗೇ ತೋರಿಸತ್ತೆ. ಅಮ್ಮ ಏನಂದ್ರು ಅಂತ ಕೇಳಿಸ್ರಿ.”

ಕೇಳಿಸಿದ. ದೀಪ ದೊಡ್ಡದಾಗಿದೆ ಕಣಪ್ಪ. ಅದರ ಕೆಳಗೆ ಆಲಿಕೆ ತಾನು ಅರ್ಥ ಮಾಡಿಕೊಂಡಿದ್ದನ್ನು ಬರೆದುಕೊಂಡಿತ್ತು: ‘ಬೆಳಕು ಹೆಚ್ಚಾಗಿದೆ. ಉತ್ತಮ.’

ಆಗ ಹೊಳೆಯಿತು ನನಗೆ. ಅವನಿಗೂ ಹೊಳೆಯಿತು. ಮುಖ ಬಿಳಿಚಿಕೊಂಡು, “ನಮ್ಮಜ್ಜಿನೂ ಹಿಂಗೇ ಅಂತಿದ್ರು,” ಅಂದ ಮೆಲ್ಲಗೆ. “ದೀಪ ದೊಡ್ಡದು ಮಾಡಿ ಮಲ್ಕೊಳ್ಳೋ ಅಂತ.”

“ಮತ್ತೆ ಇದಕ್ಕೆ ಯಾಕೆ ಹೇಳ್ಕೊಡ್ಲಿಲ್ಲ?”

“ನಾವ್ಯಾರೂ ಹೇಳ್ಕೊಡಲ್ಲ ಮೇಡಂ, ಅದೇ ಕಲಿಯತ್ತೆ. ದೂರು ಮುಗಿದ ಮೇಲೆ ಅದೇ ಮನೆಯಿಂದ ಮತ್ತೆ ಹೊಸ ದೂರು ಬರದಿದ್ರೆ ತಾನು ಅರ್ಥ ಮಾಡ್ಕೊಂಡಿದ್ದು ಸರಿ ಅಂತ ಗಟ್ಟಿ ಮಾಡ್ಕೊಳ್ಳತ್ತೆ.”

ಹೊಸ ದೂರು ತೆಗೆದುಕೊಂಡರೆ ತಾನೆ ಬರುವುದು! ಕೇಳಿ ಕೇಳಿ ಬೇಸತ್ತು ಬಿಟ್ಟವರನ್ನೆಲ್ಲ ತೃಪ್ತರೆಂದು ಲೆಕ್ಕ ಹಿಡಿದಿತ್ತು ಈ ಅಚ್ಚಗನ್ನಡದ ಪಿಶಾಚಿ.

ಅಭಿನಂದನ್ ಏನೋ ಟೈಪ್ ಮಾಡಿದ. ದೀಪ ದೊಡ್ಡದಾಗಿದೆ ಅಂದ ಮನೆಗಳೆಲ್ಲ ಗೋಡೆಯ ಮೇಲೆ ಮಿನುಗತೊಡಗಿದವು. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಬೇಲೂರಿನ ಕಡೆ ಒಂದು ಗುಂಪು. ಎಲ್ಲವೂ ಹಸಿರು, ಎಲ್ಲವೂ ಉತ್ತಮ. ಜಿಲ್ಲೆಯ ಮುದುಕಿಯರು ಒಬ್ಬೊಬ್ಬರೂ ಬಗ್ಗಿ ನೋಡಿ, ಕೆಟ್ಟ ಮಾತು ಆಡಬಾರದೆಂದು ಒಳ್ಳೆಯ ಮಾತು ಆಡಿ, ಕತ್ತಲಲ್ಲಿ ಕೂತಿದ್ದರು.

“ಬದಲಾಯಿಸ್ರಿ ಅದನ್ನ. ಈಗಲೇ.”

“ನನಗೆ ಕೇಳೋ ಅಧಿಕಾರ ಅಷ್ಟೇ ಇರೋದು, ತಿದ್ದೋ ಅಧಿಕಾರ ಇಲ್ಲ. ಪದದ ಅರ್ಥ ಬದಲಾಯಿಸೋಕೆ ಸಮಿತಿ ಇದೆ.” ನನ್ನ ಮುಖ ನೋಡಿ ಬೇಗಬೇಗ ಮುಂದುವರಿಸಿದ, “ಆದ್ರೆ ಮುಗಿದ ದೂರನ್ನ ಇಲ್ಲಿಂದ ಮತ್ತೆ ತೆರೀಬಹುದು. ನಿಮ್ಮಮ್ಮ ಹೊಸದಾಗಿ ಹೇಳಿಕೆ ಕೊಡ್ಲಿ. ಕರೆ ನನ್ನ ಈ ಕಂಪ್ಯೂಟರ್ ಮೂಲಕವೇ ಹೋಗತ್ತೆ, ನಾವಿಬ್ರೂ ಕೇಳಿಸ್ಕೋಬಹುದು. ಮಧ್ಯೆ ಮಾತಾಡೋ ಹಾಗಿಲ್ಲ.”

“ಮೊನ್ನೆ ಥರ ಮಧ್ಯದಲ್ಲಿ ಕಟ್ಟಾದ್ರೆ?”

“ಕಟ್ಟಾದ್ರೆ ಕೊನೇಲಿ ದೃಢಪಟ್ಟಿದ್ದು ಏನೋ ಅದೇ ಉಳ್ಯತ್ತೆ. ಅದು ನಿಯಮ.”

ಒಳ್ಳೆ ನಿಯಮ. ಅದೇ ನಿಯಮದಿಂದ ತಾನೆ ನಾವು ಇಲ್ಲಿಗೆ ಬಂದು ಬಿದ್ದದ್ದು. ನನ್ನ ಮೊಬೈಲಿನಿಂದ ಅಮ್ಮನಿಗೆ ಮಾಡಿದೆ. ದೀಪ ಅನ್ನಬೇಡ, ಲೈಟ್ ಆಫ್ ಆಗಿದೆ ಅನ್ನು ಎಂದು ಹೇಳಿಕೊಟ್ಟೆ. ಅಮ್ಮ ಹೂಂ ಅಂದಳು. ಅಭಿನಂದನ್ ಕರೆ ಜೋಡಿಸಿದ.

“ದೀಪದ ಸ್ಥಿತಿ ಹೇಗಿದೆ?” ಸ್ಪೀಕರಿನಲ್ಲಿ ಆಲಿಕೆಯ ದನಿ.

“ಆಫ್ ಆಗಿದೆ,” ಅಂದಳು ಅಮ್ಮ, ಪಾಠ ಒಪ್ಪಿಸುವ ಹುಡುಗಿಯ ಹಾಗೆ.

“ಗಣಕಯಂತ್ರ ಆಫ್ ಆಗಿದೆ ಎಂದು ತಿಳಿಯಿತು. ದಯವಿಟ್ಟು ಗಣಕಯಂತ್ರವನ್ನು ಆನ್ ಮಾಡಿ.”

“ಅಯ್ಯೋ, ಅದು ಆನ್ ಆಗೇ ಇದೆ ಕಣಪ್ಪ!”

“ಗಣಕಯಂತ್ರ ಆನ್ ಆಗಿದೆ. ಧನ್ಯವಾದ. ತಾವು ಹಿಂದೆ ನೀಡಿದ ಹೇಳಿಕೆ: ದೀಪ ದೊಡ್ಡದಾಗಿದೆ. ಹೇಳಿಕೆ ಬದಲಾಗಿದ್ದಲ್ಲಿ ‘ದೀಪ ಆರಿಹೋಗಿದೆ’ ಎಂದು ಪೂರ್ಣ ವಾಕ್ಯದಲ್ಲಿ ತಿಳಿಸಿ.”

ಆಲಿಕೆ ಮತ್ತೆ ಕೇಳಿತು. ಅಮ್ಮ ಫೋನು ಇಟ್ಟುಬಿಟ್ಟಳು.

ನಾನು ನನ್ನ ಮೊಬೈಲಿನಿಂದ ಮಾಡಿದೆ. “ಅಮ್ಮ, ಅದು ಹೇಳ್ಕೊಟ್ಟಂಗೇ ಅಂದ್ಬಿಡು. ಅದಕ್ಕೆ ಅದೊಂದೇ ಮಾತು ಅರ್ಥ ಆಗೋದು.”

“ನಿನ್ನ ಬಾಯಿಗೆ ಮಣ್ಣು ಹಾಕ! ಮನೇಲಿ ಮಗು ಉಸಿರಿಗೆ ಒದ್ದಾಡ್ತಿದೆ, ಈ ಬಾಯಲ್ಲಿ ಅಂಥ ಮಾತು ಆಡ್ಲೇನೇ ನಾನು?”

“ಅದು ಕಂಪ್ಯೂಟರ್ ಲೈಟಮ್ಮ!”

“ಯಾವುದಾದ್ರೇನು? ಅದು ಉರಿದ್ರೆ ತಾನೆ ನನ್ನ ಮಗಳ ಜೀವ ನಡೆಯೋದು? ಈ ಮನೇಲಿ ಅದಕ್ಕಿಂತ ದೊಡ್ಡ ದೀಪ ಯಾವುದಿದೆ ಹೇಳು.”

“ನೀನು ಹೇಳ್ದೆ ಇದ್ರೆ ಅವಳು ಸಾಯ್ತಾಳಮ್ಮ!”

“ಬಿಡ್ತು ಅನ್ನು!” ಕಿರುಚಿದಳು ಅಮ್ಮ. “ಮೊದ್ಲು ಬಿಡ್ತು ಅನ್ನು!”

“ಬಿಡ್ತು,” ಅಂದೆ ಹಲ್ಲು ಕಚ್ಚಿಕೊಂಡು. ಕೆಟ್ಟ ಮಾತು ಬಾಯಿಂದ ಬಿದ್ದರೆ ಬಿಡ್ತು ಅನ್ನಲೇಬೇಕು, ಇಲ್ಲವಾದರೆ ಅದು ತಗುಲಿಕೊಳ್ಳುತ್ತದೆ. ನಾನು ಅಂದ ಮೇಲೂ ಅಮ್ಮ ಅಳುತ್ತಿದ್ದಳು. ಅಮ್ಮನ ಮೇಲೆ ಸಿಟ್ಟು ಬಂತು, ಅವಳು ಹೇಳಿದ್ದು ಸರಿಯೆನ್ನಿಸಿ ಇನ್ನಷ್ಟು ಸಿಟ್ಟು ಬಂತು. ಸ್ವಂತ ಮಗಳ ಬಗ್ಗೆ ತಾಯಿಯ ಬಾಯಲ್ಲಿ ಆ ಮಾತನ್ನೇ ಆಡಿಸಿಕೊಳ್ಳದೆ ಒಂದು ಸ್ಕ್ರೂ ಬಿಚ್ಚಲೊಲ್ಲದ ಈ ಕೊಠಡಿಗೆ ಬೆಂಕಿ ಹಾಕಬೇಕು ಅನ್ನಿಸಿತು.

ಆ ಕಡೆ ಫೋನು ಕೈ ಬದಲಾಯಿತು. “ಇಂದಕ್ಕ,” ಎಂದಿತು ಪಂಕಜಳ ತೇಕುವ ದನಿ. “ಇನ್ನೊಂದ್ಸಲ... ಕನೆಕ್ಟ್ ಮಾಡ್ಸು. ಅಮ್ಮ ಹೇಳ್ತಾಳೆ.”

“ಹೇಳ್ತಾಳಾ?”

“ಹೇಳ್ತಾಳೆ ಅಂದ್ನಲ್ಲ.”

ಅಭಿನಂದನ್ ಮತ್ತೆ ಜೋಡಿಸಿದ. ಆಲಿಕೆ ಮೊದಲಿನಿಂದ ಶುರು ಮಾಡಿತು. ಗಮನಿಸಿ, ಹಿಂಬದಿ, ದೀಪ, ಸ್ಥಿತಿ.

“ದೀಪ ಆರಿಹೋಗಿದೆ ಕಣಪ್ಪ.”

ಅಮ್ಮನದೇ ದನಿ. ಅದೇ ಕಣಪ್ಪ. ಆದರೆ ‘ಆರಿ’ ಎನ್ನುವಲ್ಲಿ ಉಸಿರು ಸಾಲದೆ ಚೂರು ನಿಂತು ಮುಂದೆ ಹೋಯಿತು. ಪಂಕಜ! ಅಮ್ಮ ಆಡಲೊಲ್ಲದ ಮಾತನ್ನು ತನ್ನ ಮೇಲೆ ತಾನೇ ಆಡಿಕೊಂಡಿದ್ದಳು ಪಾಪಿ ಹುಡುಗಿ.

“ಕೊನೆಗೂ ಹೇಳಿದ್ರು ನೋಡಿ ನಿಮ್ಮಮ್ಮ,” ಅಂದ ಅಭಿನಂದನ್. ನಾನು ಬಾಯಿ ಬಿಡಲಿಲ್ಲ. ಪರದೆಯ ಮೇಲೆ ಧ್ವನಿ ಹೋಲಿಸುವ ಗೆರೆ ತೆವಳುತ್ತ ಹೋಗಿ ಹಸಿರಾಯಿತು.

“ಧ್ವನಿ ಸರಿಹೊಂದಿದೆ. ಹೇಳಿಕೆ ದೃಢಪಟ್ಟಿದೆ. ದುರಸ್ತಿಗೆ—”

“ಏನಂದ್ಯೇ! ಏನಂದ್ಯೇ ಅದು!” ಹಿಂದಿನಿಂದ ನಿಜವಾದ ಅಮ್ಮ ಓಡಿಬಂದದ್ದು ಕೇಳಿಸಿತು. “ಬಿಡ್ತು ಅನ್ನೇ! ಬಿಡ್ತು!”

ಆಲಿಕೆ ಮಾತು ನಿಲ್ಲಿಸಿತು. ಎಲ್ಲವನ್ನೂ ಕೇಳುವ ಯಂತ್ರವಲ್ಲವೇ, ಅದನ್ನೂ ಕೇಳಿತು. “ಧ್ವನಿ ಸರಿಹೊಂದಿದೆ. ‘ಬಿಟ್ಟಿತು’ ಎಂಬ ಹೇಳಿಕೆ ಬಂದಿದೆ. ತಾವು ದೂರನ್ನು ಬಿಡುತ್ತಿದ್ದೀರಾ? ದೃಢಪಡಿಸಲು ಮತ್ತೊಮ್ಮೆ ಹೇಳಿ.”

“ಅಯ್ಯಯ್ಯೋ,” ಎಂದು ಅಭಿನಂದನ್ ಎದ್ದು ನಿಂತ.

ಅಮ್ಮ ಮತ್ತೊಮ್ಮೆ ಹೇಳದೆ ಬಿಡುವವಳಲ್ಲ. ಮಗಳ ಜೀವ ಆ ಮಾತಿನಲ್ಲಿದೆಯೆಂದು ನಂಬಿದವಳು ನೂರು ಸಲವಾದರೂ ಹೇಳುತ್ತಾಳೆ. “ಬಿ—” ಎನ್ನುವುದು ಸ್ಪೀಕರಿನಲ್ಲಿ ಬಂದೇಬಿಟ್ಟಿತು.

ನಾನು ಮೇಜಿನ ಮೇಲೆ ಬಗ್ಗಿ, ಬೂದು ಪೆಟ್ಟಿಗೆಯ ಬೆನ್ನಿಗೆ ಕೈ ಹಾಕಿ, ಕೇಬಲ್ಲನ್ನು ಹಿಡಿದು ಎಳೆದೆ. ಕ್ಲಿಪ್ಪು ಮುರಿದು ಕೈಗೆ ಬಂತು. ಸಾಸಿವೆ ಕಾಳಿನ ಲೈಟು ಹೋಯಿತು, ಸ್ಪೀಕರು ಹೋಯಿತು, ಗೋಡೆಯ ಮೇಲಿನ ನಕ್ಷೆಯೂ ಹೋಯಿತು. ಎಷ್ಟೋ ಹೊತ್ತಿನಿಂದ ತಲೆ ತಿನ್ನುತ್ತಿದ್ದ ಆ ದನಿ ನಿಂತು ಕೊಠಡಿ ತಣ್ಣಗಾಯಿತು.

“ಏನ್ ಮಾಡಿದ್ರಿ ಮೇಡಂ!”

“ದೀಪ ದೊಡ್ಡದು ಮಾಡಿದೆ,” ಅಂದೆ. “ಕೊನೇಲಿ ದೃಢಪಟ್ಟಿದ್ದು ಉಳ್ಯತ್ತೆ ಅಂದ್ರಲ್ಲ. ಉಳೀಲಿ.” ಅವನು ಕೈ ಚಾಚುವ ಮೊದಲೇ ಕೇಬಲ್ಲನ್ನು ಸುತ್ತಿ ಬ್ಯಾಗಿಗೆ ತುರುಕಿಕೊಂಡು ಹೊರಗೆ ಬಂದೆ. ಅವನು ತಡೆಯಬಹುದಿತ್ತು, ತಡೆಯಲಿಲ್ಲ.

*

ನಾನು ಮನೆ ಮುಟ್ಟುವಷ್ಟರಲ್ಲಿ ಮೆಕ್ಯಾನಿಕ್ ಮುನಾವರ್ ಬಂದಾಗಿತ್ತು. ನಮ್ಮ ಮನೆಯಿಂದ ಎರಡು ಬೀದಿ ಆಚೆಯವರು. ಮೂರು ದಿನವೂ ಊರಲ್ಲೇ ಇದ್ದರಂತೆ. “ಆರ್ಡರ್ ಬಂದಿದ್ರೆ ಸೋಮವಾರವೇ ಬರ್ತಿದ್ನಲ್ಲಕ್ಕ,” ಅಂದರು ಬೇಜಾರಿನಿಂದ. ಸೀಲು ಬಿಚ್ಚಿ, ಸುಟ್ಟ ಕಾರ್ಡು ತೆಗೆದು, ಬೇರೆಯದನ್ನು ಕೂರಿಸಿದರು. ಅಮ್ಮ ಮಾಡಿದ ಕಾಫಿ ಆರುವುದರೊಳಗೆ ಕೆಲಸ ಮುಗಿಯಿತು.

ಪೆಟ್ಟಿಗೆಯ ಹಿಂದೆ ಹಸಿರು ಲೈಟು ಮಿಣುಕಿತು. ಆಸ್ಪತ್ರೆಯಿಂದ ಒಪ್ಪಿಗೆ ಬಂತು, ಯಂತ್ರ ಗುಯ್‌ಗುಟ್ಟತೊಡಗಿತು. ಹೊತ್ತು ಮುಳುಗುವಷ್ಟರಲ್ಲಿ ಪಂಕಜಳ ಉಸಿರು ಸಲೀಸಾಯಿತು. ಕಣ್ಣು ಬಿಟ್ಟು, ನೀರು ಕೇಳಿದಳು. ಅಮ್ಮ ನೀರು ಕುಡಿಸಿದಳು, ಬೆನ್ನು ಸವರಿದಳು, ಮಾತು ಮಾತ್ರ ಆಡಲಿಲ್ಲ.

ಅಷ್ಟರಲ್ಲಿ ಅಭಿನಂದನ್ ಫೋನ್ ಮಾಡಿದ. ಕೇಬಲ್ಲಿನ ವಿಷಯ ಎತ್ತಲಿಲ್ಲ. ಸಮಿತಿಗೆ ಬರೆದಿದ್ದಾನಂತೆ, ಮುಂದಿನ ತಿಂಗಳು ಸಭೆಯಂತೆ. ಅಲ್ಲಿಯ ತನಕ ದೊಡ್ಡದಾಗಿದೆ ಎಂದರೆ ಉತ್ತಮವೇ. “ನಾನೇ ಒಬ್ಬೊಬ್ಬರ ಮನೆಗೂ ಫೋನ್ ಮಾಡ್ತಿದೀನಿ ಮೇಡಂ,” ಅಂದ. “ಕೆಲವರು ಎತ್ತುತ್ತಾ ಇಲ್ಲ,” ಅಂತಲೂ ಅಂದ.

ನಾನು ಫೋನು ಇಟ್ಟೆ. ಆ ಹಸಿರು ಚುಕ್ಕೆಗಳು ಕಣ್ಣ ಮುಂದೆ ಬಂದವು.

“ಆ ಫೋನುಗಳನ್ನ ತಗೊಂಡೋಗಿ ಆಚೆ ಜಗಲಿ ಮೇಲಿಟ್ಟು ಬಾ,” ಎಂದಳು ಅಮ್ಮ. ಇಟ್ಟು ಬಂದೆ. ಅಮ್ಮ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಹಾಸಿಗೆಯ ಪಕ್ಕ ಬಂದು ಕೂತಳು.

“ಈಗ ಅನ್ನು.”

ಪಂಕಜ ಅಮ್ಮನ ಮುಖ ನೋಡಿದಳು. ಈ ಸಲ ಅವಳದೇ ದನಿಯಲ್ಲಿ, ನಗದೆ, “ಬಿಡ್ತಮ್ಮ,” ಅಂದಳು. ಅಮ್ಮ ಅವಳ ತಲೆಯನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು. ಮೂರು ದಿನದ ಅಳು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ನಾನು ಬ್ಯಾಗಿನಿಂದ ತೆಗೆದು, ನಡೆದದ್ದನ್ನೆಲ್ಲ ಹೇಳಿ, ಮೇಜಿನ ಮೇಲಿಟ್ಟಿದ್ದ ಕೇಬಲ್ಲು ಅವಳ ಕಣ್ಣಿಗೆ ಬಿದ್ದಿತ್ತು.

“ನೀನೂ ಅನ್ನು. ಅಲ್ಲಿ ಯಾರದೋ ದೀಪ ದೊಡ್ಡದು ಮಾಡಿ ಬಂದಿದ್ದೀಯ.”

ಹುಟ್ಟಿದಾಗಿನಿಂದ ಅಮ್ಮ ಅನ್ನು ಎಂದಾಗಲೆಲ್ಲ ಬಿಡ್ತು ಅಂದವಳು ನಾನು.

“ಅದಕ್ಕೆ ಮಾತ್ರ ಅನ್ನಲ್ಲಮ್ಮ,” ಅಂದೆ.